ಹಂಗಾಮಿನ ನಡುವೆ ಕೈಬದಲಾಗುವ ಹೋರಿ: ಮಾಲೀಕನ ಲೆಕ್ಕ, ಅಭಿಮಾನಿಗಳ ತಕರಾರು

ದೀಪಾವಳಿಯ ಬಲಿಪಾಡ್ಯಮಿಯಂದು ಒಂದು ಊರಿನ ಬಾವುಟದಡಿ ಅಖಾಡಕ್ಕಿಳಿದ ಹೋರಿ, ಸಂಕ್ರಾಂತಿಯ ಹೊತ್ತಿಗೆ ಮತ್ತೊಂದು ಊರಿನ ಹೆಸರು ಹೊತ್ತು ಓಡುವುದು ಹಾವೇರಿ ಸೀಮೆಯಲ್ಲಿ ಉಂಟು. ಹಾಗೆ ಓಡಿದ ದಿನ ಹಳೆಯ ಊರಿನ ಹುಡುಗರಿಗೆ ನಿದ್ದೆ ಬರುವುದಿಲ್ಲ. ಮಾರಬೇಕಿತ್ತೇ, ಮಾರಿದರೂ ಹಬ್ಬದ ಹಂಗಾಮು ಮುಗಿಯುವವರೆಗೆ ತಡೆಯಬಾರದಿತ್ತೇ, ಮಾರುವ ಮುನ್ನ ಒಂದು ಮಾತು ಕೇಳಬಾರದಿತ್ತೇ ಎಂಬ ವಾದ ಚಹಾದಂಗಡಿಯಿಂದ ಗುಡಿಯ ಕಟ್ಟೆಯವರೆಗೆ ವಾರಗಟ್ಟಲೆ ನಡೆಯುತ್ತದೆ. ಕೊಟ್ಟವನು ಹಣ ಎಣಿಸಿಕೊಂಡು ಸುಮ್ಮನಿರುತ್ತಾನೆ. ಸುಮ್ಮನಿರಲಾಗದವರು ಹೋರಿಯ ಮೇಲೆ ಯಾವ ಹಕ್ಕುಪತ್ರವೂ ಇಲ್ಲದ ಅಭಿಮಾನಿಗಳು.

ಕಾಲ್ಚೆಂಡಿನ ಕ್ಲಬ್ಬುಗಳು ಜನವರಿಯಲ್ಲಿ ಆಟಗಾರರನ್ನು ಮಾರಿ ಬೆಂಬಲಿಗರ ಸಿಟ್ಟಿಗೆ ಗುರಿಯಾಗುವ ಸಂಗತಿ ನಗರದ ಓದುಗರಿಗೆ ಪರಿಚಿತ. ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿಯಲ್ಲಿ ಅದೇ ಜಗಳ, ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ, ನಾಲ್ಕು ಕಾಲಿನ ಆಟಗಾರನ ಸುತ್ತ ನಡೆಯುತ್ತದೆ.

ಏನಿದು ಹೋರಿ ಹಬ್ಬ?

ಹೋರಿ ಬೆದರಿಸುವ ಸ್ಪರ್ಧೆ, ಕೊಬ್ಬರಿ ಹೋರಿ ಹಬ್ಬ, ದನ ಬೆದರಿಸುವ ಹಬ್ಬ ಎಂದೆಲ್ಲ ಕರೆಸಿಕೊಳ್ಳುವ ಈ ಆಚರಣೆ ಹಾವೇರಿ ಜಿಲ್ಲೆಯಲ್ಲದೆ ನೆರೆಯ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ಹಾಗೂ ದಾವಣಗೆರೆ ಜಿಲ್ಲೆಯ ಹೊನ್ನಾಳಿ ಭಾಗದಲ್ಲೂ ಬೇರೂರಿದೆ. ಪಾಡ್ಯದ ದಿನ ಆರಂಭವಾಗಿ, ಊರಿಂದೂರಿಗೆ ದಿನ ಗೊತ್ತುಮಾಡಿಕೊಂಡು ತಿಂಗಳುಗಟ್ಟಲೆ ಸಾಗುತ್ತದೆ. ಮನೆಯ ದನಗಳನ್ನು ಸಿಂಗರಿಸಿ ಓಡಿಸುತ್ತಿದ್ದ ಹಬ್ಬ ಇಂದು ಬೈಕು, ಬಂಗಾರದಂಥ ಬಹುಮಾನಗಳುಳ್ಳ ಸ್ಪರ್ಧೆಯಾಗಿದೆ.

ಕ್ರಮ ಸರಳ. ಎರಡೂ ಬದಿ ಬೇಲಿ ಕಟ್ಟಿದ ಉದ್ದನೆಯ ಓಣಿಯೇ ಅಖಾಡ. ಕೊರಳಿಗೆ ಒಣಕೊಬ್ಬರಿಯ ಸರ, ಬೆನ್ನಿಗೆ ಜೂಲ, ಕೊಂಬಿಗೆ ಬಲೂನು, ಬಣ್ಣದ ಪೀಪಿ ಕಟ್ಟಿದ ಹೋರಿಗಳನ್ನು ಒಂದೊಂದಾಗಿ ಬಿಡಲಾಗುತ್ತದೆ. ಹೋರಿ ಹಿಡಿಯಲು ನಿಂತ ಪೈಲ್ವಾನರು ಮೈಮೇಲೆ ಬಿದ್ದು ಕೊಬ್ಬರಿ ಕಿತ್ತುಕೊಳ್ಳಲು ನೋಡುತ್ತಾರೆ. ಕೊಬ್ಬರಿ ಬಿಟ್ಟುಕೊಡದೆ ದಾಟಿದರೆ ಗೆಲುವು ಹೋರಿಯದು, ಕಿತ್ತರೆ ಪೈಲ್ವಾನನದು.

ಹೆಸರಾದ ಹೋರಿಗೆ ಬಿರುದುಂಟು, ಬಾವುಟವುಂಟು, ಅದರ ಚಿತ್ರ ಅಚ್ಚಾದ ಅಂಗಿ ತೊಟ್ಟ ಬಳಗವುಂಟು. ಹುಲಿ, ಡಾನ್, ಚಲನಚಿತ್ರದ ಹೆಸರು, ನಟರ ಬಿರುದು, ಊರ ದೇವರ ಹೆಸರು ಎಲ್ಲವೂ ಹೋರಿಗೆ ಸಲ್ಲುತ್ತವೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ನಿಧನರಾದ ಬೆನ್ನಿಗೇ ಬಂದ ದೀಪಾವಳಿಯಲ್ಲಿ ಅವರ ಭಾವಚಿತ್ರ ಹೊತ್ತ ಹೋರಿಗಳು ಅಖಾಡದಲ್ಲಿ ಓಡಿದವು. ಹೋರಿ ಸತ್ತರೆ ಮೆರವಣಿಗೆ, ಪೂಜೆ, ಸಮಾಧಿ ನಡೆಯುತ್ತವೆ. ಮನುಷ್ಯನಿಗೆ ಸಲ್ಲುವ ಗೌರವವೆಲ್ಲ ಸಲ್ಲುವ ಪ್ರಾಣಿಯನ್ನು ಒಂದು ಬೆಳಿಗ್ಗೆ ವಾಹನಕ್ಕೆ ಹತ್ತಿಸಿ ಕಳುಹಿಸಿದರೆ ಊರು ಮಾತಾಡದೆ ಇರುವುದು ಕಷ್ಟ.

ಬೆಲೆ ಹುಟ್ಟುವ ಬಗೆ

ಹಾವೇರಿಯ ಗುರುವಾರದ ಜಾನುವಾರು ಸಂತೆಯಲ್ಲಿ ಉಳುಮೆಯ ಎತ್ತಿನ ಬೆಲೆಗೆ ಒಂದು ಲೆಕ್ಕವಿದೆ. ಹಲ್ಲು ನೋಡುತ್ತಾರೆ, ಎರಡು ಹಲ್ಲೇ, ನಾಲ್ಕು ಹಲ್ಲೇ, ಬಾಯಿಗೂಡಿದೆಯೇ ಎಂದು ಪರೀಕ್ಷಿಸುತ್ತಾರೆ. ಮೈಮೇಲಿನ ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಬಳಿಕ ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುತ್ತಾನೆ. ಸುತ್ತ ನಿಂತವರಿಗೆ ದರ ತಿಳಿಯುವುದಿಲ್ಲ.

ಹಬ್ಬದ ಹೋರಿಯ ವ್ಯಾಪಾರ ಹಾಗಲ್ಲ. ಅದರ ದರ ಊರಿಗೆಲ್ಲ ಗೊತ್ತು. ಉಳುಮೆಯ ಎತ್ತು ದುಡಿಮೆಗೆ ಬೆಲೆ ಪಡೆದರೆ ಹಬ್ಬದ ಹೋರಿ ಹೆಸರಿಗೆ ಬೆಲೆ ಪಡೆಯುತ್ತದೆ. ಕೆಲವು ಅಖಾಡಗಳಲ್ಲಿ ಕೊಬ್ಬರಿ ಕೊಡದೆ ದಾಟಿದ ಹೋರಿಗೆ ಲಕ್ಷಗಟ್ಟಲೆ ರೂಪಾಯಿ ಕೇಳುವವರು ಮನೆಬಾಗಿಲಿಗೇ ಬರುತ್ತಾರೆ. ಅದೇ ಹೋರಿ ಒಂದು ಸಲ ಎಡವಿ ಕಾಲು ಉಳುಕಿಸಿಕೊಂಡರೆ ಕೇಳುವವರಿಲ್ಲ.

ಈ ಹೆಸರು ಹುಟ್ಟುವುದು ಎಲ್ಲಿ ಎಂಬುದೇ ತಕರಾರಿನ ಮೂಲ. ಹುರುಳಿ, ಹತ್ತಿಕಾಳು, ಹಿಂಡಿ, ಮೊಟ್ಟೆ ಹಾಕಿ ಸಾಕುವವನು ಮಾಲೀಕ. ಆದರೆ ಬೆಳಗಿನ ಜಾವ ಓಡಿಸುವವರು, ಕೆರೆಯಲ್ಲಿ ಈಜಿಸುವವರು, ಹಬ್ಬದ ದಿನ ಹಗ್ಗ ಹಿಡಿದು ಅಖಾಡದವರೆಗೆ ತರುವವರು ಓಣಿಯ ಹುಡುಗರು. ವಾಹನದ ಬಾಡಿಗೆಗೆ, ಕೊಬ್ಬರಿಗೆ, ಬಲೂನಿಗೆ, ಬ್ಯಾನರಿಗೆ ಪಟ್ಟಿ ಎತ್ತುವವರೂ ಅವರೇ. ಹೋರಿ ಬಂದಾಗ ಕೂಗಿ ಕುಣಿದು ಅದನ್ನು ಸುತ್ತಲಿನ ಹತ್ತು ಹಳ್ಳಿಗೆ ಪರಿಚಯಿಸಿದವರೂ ಅವರೇ. ಹೆಸರಿನ ಬೆಲೆಯಲ್ಲಿ ಇವರ ಪಾಲೆಷ್ಟು? ಲೆಕ್ಕದ ಪುಸ್ತಕದಲ್ಲಿ ಸೊನ್ನೆ.

ನಡುವೆಯೇ ಮಾರುವುದೇಕೆ?

ಮಾಲೀಕನ ಕಡೆಯ ಲೆಕ್ಕವೂ ಹಗುರವಾದುದಲ್ಲ. ಹೋರಿಯ ಓಟದ ಆಯುಷ್ಯ ಕೆಲವೇ ವರ್ಷಗಳದು. ಅದರ ಬೆಲೆ ಶಿಖರಕ್ಕೇರುವುದು ಹಂಗಾಮಿನ ನಡುವೆಯೇ, ಅಂದರೆ ಗೆಲುವಿನ ಸುದ್ದಿ ಬಿಸಿಯಾಗಿದ್ದಾಗ, ಕೊಳ್ಳುವವನಿಗೆ ಇನ್ನೂ ಓಡಿಸುವ ಹಬ್ಬಗಳು ಉಳಿದಿದ್ದಾಗ. ಹಬ್ಬ ಮುಗಿದ ಬಳಿಕ ಬೇಸಿಗೆಯ ಮೇವು ಹುಡುಕುವ ಕಾಲದಲ್ಲಿ ಅದೇ ಹೋರಿ ಖರ್ಚಿನ ಬಾಬತ್ತು. ಮಾರಬೇಕೆಂದವನು ಡಿಸೆಂಬರ್, ಜನವರಿಯಲ್ಲೇ ಮಾರುತ್ತಾನೆ.

ಹಣ ಓಡಾಡುವ ಕಾಲವೂ ಅದೇ. ಮೆಕ್ಕೆಜೋಳ ಮನೆಗೆ ಬಂದಿರುತ್ತದೆ, ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಚೀಲಗಳು ಬರತೊಡಗಿರುತ್ತವೆ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಒಳ್ಳೆಯ ದರ ಸಿಕ್ಕ ವರ್ಷ ಹೋರಿ ಕೊಳ್ಳುವವರ ಕೈ ಸಡಿಲವಾಗುತ್ತದೆ. ದರ ಕುಸಿದ ವರ್ಷ ಹೋರಿ ಕಟ್ಟಿದವನ ಮನೆಯಲ್ಲೇ ಮಾರುವ ಮಾತು ಏಳುತ್ತದೆ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಇಳಿದದ್ದಕ್ಕೆ ರೊಚ್ಚಿಗೆದ್ದ ರೈತರು ಕೃಷಿ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಇಟ್ಟದ್ದನ್ನು ನೆನೆದರೆ ಒಂದು ವಾರದ ದರ ಇಲ್ಲಿನ ಮನೆತನಗಳಿಗೆ ಏನೆಂಬುದು ತಿಳಿಯುತ್ತದೆ. ಮಗಳ ಮದುವೆ, ಬೋರ್‌ವೆಲ್ ಸಾಲ, ಆಸ್ಪತ್ರೆಯ ಖರ್ಚು ಎದುರಿರುವಾಗ ಕೊಟ್ಟಿಗೆಯಲ್ಲಿ ನಿಂತ ಲಕ್ಷಗಳನ್ನು ಅಭಿಮಾನಕ್ಕಾಗಿ ಕಟ್ಟಿಹಾಕಿಕೊಳ್ಳಿ ಎಂದು ಹೇಳುವುದು ಸುಲಭವಲ್ಲ.

ರೋಗದ ಭಯವೂ ಇದೆ. 2022ರಲ್ಲಿ ಚರ್ಮಗಂಟು ರೋಗ ಹಾವೇರಿ ಜಿಲ್ಲೆಯ ಜಾನುವಾರುಗಳನ್ನು ತೀವ್ರವಾಗಿ ಕಾಡಿತು. ಮುಂಗಡ ಕೊಡಲು ಬಂದವನನ್ನು ಹಿಂದಿರುಗಿಸಿ, ಮರುತಿಂಗಳು ಹೋರಿಯನ್ನೇ ಕಳೆದುಕೊಂಡವನ ಪಶ್ಚಾತ್ತಾಪವನ್ನು ಅಭಿಮಾನಿ ಬಳಗ ಹಂಚಿಕೊಳ್ಳಬಲ್ಲದು, ನಷ್ಟವನ್ನಲ್ಲ.

ಅಭಿಮಾನಿಗಳ ಎರಡು ಪಂಗಡ

ಅಭಿಮಾನಿಗಳೆಲ್ಲ ಒಂದೇ ದನಿಯವರೂ ಅಲ್ಲ. ಮಾರಿದ್ದು ತಪ್ಪೆನ್ನುವವರ ಮುಖ್ಯ ಆಕ್ಷೇಪ ಹಣದ್ದಲ್ಲ, ಹೊತ್ತಿನದು. ಹಂಗಾಮಿನ ನಡುವೆ ಹೋರಿ ಹೋದರೆ ಅದರ ಜಾಗಕ್ಕೆ ಇನ್ನೊಂದನ್ನು ತಂದು ಪಳಗಿಸಲು ಸಮಯವಿರುವುದಿಲ್ಲ. ಜನದ ಗದ್ದಲಕ್ಕೆ, ಪಟಾಕಿಗೆ, ಹಲಗೆಯ ಸದ್ದಿಗೆ ಹೊಸ ಹೋರಿ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಪಟ್ಟಿ ಕೊಟ್ಟವರು ಉಳಿದ ಹಬ್ಬಗಳಿಗೆ ಬರಿಗೈಯಲ್ಲಿ ಹೋಗಬೇಕಾಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ನೋಯಿಸುವಂಥದು. ಮಾರಿದ ಹೋರಿ ದೂರ ಹೋಗುವುದಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಒಂದು ತಾಸಿನೊಳಗಿನ ದಾರಿ. ಮುಂದಿನ ಹಬ್ಬದಲ್ಲಿ ಅದೇ ಹೋರಿ ಎದುರಾಳಿ ಊರಿನ ಬಾವುಟ ಹೊತ್ತು, ಹೊಸ ಬಿರುದಿನೊಂದಿಗೆ ಬರುತ್ತದೆ. ಅದು ಗೆದ್ದರೂ ಸಂಕಟ, ಸೋತರೂ ಸಂಕಟ.

ಮಾರಿದ್ದು ಸರಿಯೆನ್ನುವವರು ಬೇರೆಯದನ್ನು ಮುಂದಿಡುತ್ತಾರೆ. ಅಖಾಡದಲ್ಲಿ ಹೋರಿಗೆ ಪೆಟ್ಟಾದರೆ ಚಿಕಿತ್ಸೆಯ ಖರ್ಚು ಮಾಲೀಕನದು. ಹೋರಿ ಯಾರನ್ನಾದರೂ ತಿವಿದರೆ ಪೊಲೀಸರು ಬರುವುದೂ ಆತನ ಮನೆಗೇ. ಹೊಣೆಯನ್ನೆಲ್ಲ ಹೊತ್ತವನಿಗೆ ಮಾರುವ ಹಕ್ಕೂ ಇರಬೇಕು ಎಂಬುದು ಅವರ ವಾದ. ಕೊಂಡವನು ಮೋಸಹೋಗುವುದೂ ಉಂಟು. ಹೋರಿ ತನ್ನ ಹಗ್ಗ ಹಿಡಿಯುವವನನ್ನು ಬಲ್ಲದು. ಹೊಸ ಕೈಗೆ, ಹೊಸ ಕೊಟ್ಟಿಗೆಗೆ ಹೊಂದದೆ ಮೊದಲ ಓಟದಲ್ಲೇ ಕೊಬ್ಬರಿ ಕೊಟ್ಟ ಹೋರಿಯ ಕಥೆ ಯಾವ ಊರಿನಲ್ಲಿ ಕೇಳಿದರೂ ಸಿಗುತ್ತದೆ. ಆಗ ಪಶ್ಚಾತ್ತಾಪ ಕೊಂಡವನ ಪಾಲಿಗೆ.

ಕಾಲ್ಚೆಂಡಿನ ಜನವರಿ

ಇದೇ ಪ್ರಶ್ನೆಗೆ ಕಾಲ್ಚೆಂಡಿನ ಜಗತ್ತು ಕಾಗದದ ಉತ್ತರವನ್ನಾದರೂ ಬರೆದುಕೊಂಡಿದೆ. ಆಟಗಾರರ ನೋಂದಣಿಗೆ ವರ್ಷಕ್ಕೆ ಎರಡೇ ಅವಧಿ ಎಂಬ ನಿಯಮವನ್ನು ಫಿಫಾ 2002-03ರ ಋತುವಿನಿಂದ ಕಡ್ಡಾಯಗೊಳಿಸಿತು. ಆದುದರಿಂದ ನಡುಋತುವಿನ ವ್ಯಾಪಾರ ಬಹುಪಾಲು ಜನವರಿಗೆ ಸೀಮಿತ. ಹಾಗಿದ್ದೂ ಪಶ್ಚಾತ್ತಾಪ ತಪ್ಪಿಲ್ಲ.

ಕರ್ನಾಟಕದ ಓದುಗರಿಗೆ ಹತ್ತಿರದ ಉದಾಹರಣೆ ಬೆಂಗಳೂರು ಎಫ್‌ಸಿ. 2019ರ ಮಾರ್ಚ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದ ಈ ತಂಡ ಮರುಋತುವಿನಲ್ಲಿ ಗೋಲಿನ ಬರ ಎದುರಿಸಿತು. ಫಾರ್ಮ್ ಕಾಣದಿದ್ದ ಸ್ಪೇನ್‌ನ ಮುಂಪಡೆ ಆಟಗಾರ ಮ್ಯಾನುಯೆಲ್ ಒನ್ವುವನ್ನು 2020ರ ಆರಂಭದಲ್ಲಿ ಒಡಿಶಾ ಎಫ್‌ಸಿಗೆ ಎರವಲು ಕೊಟ್ಟಿತು. ಮಾರಾಟವಲ್ಲ, ಎರವಲು, ಆದರೆ ಬೆಂಬಲಿಗರಿಗೆ ಉರಿದದ್ದು ಒಂದೇ ರೀತಿ. ಒಡಿಶಾ ಪರ ನಾಲ್ಕು ಪಂದ್ಯಗಳಲ್ಲಿ ಒನ್ವು 7 ಗೋಲು ಹೊಡೆದರು, ಕೇರಳ ಬ್ಲಾಸ್ಟರ್ಸ್ ವಿರುದ್ಧದ 4-4ರ ಪಂದ್ಯದಲ್ಲಿ ಹ್ಯಾಟ್ರಿಕ್ ಸಾಧಿಸಿದರು. ಮೂರನೆಯ ಸ್ಥಾನದೊಂದಿಗೆ ಉಪಾಂತ್ಯ ತಲುಪಿದ ಬೆಂಗಳೂರು, ತವರಿನಲ್ಲಿ 1-0ರಿಂದ ಗೆದ್ದು, ಕೋಲ್ಕತ್ತದಲ್ಲಿ ಎಟಿಕೆಗೆ 1-3ರಿಂದ ಸೋತು ಹೊರಬಿತ್ತು. ಅಷ್ಟಕ್ಕೇ ಕ್ಲಬ್ಬಿನದು ತಪ್ಪು ಎನ್ನಲಾಗದು. ಒನ್ವು ಆಡಿದ ಒಡಿಶಾ 2020-21ರಲ್ಲಿ ಕೊನೆಯ ಸ್ಥಾನಕ್ಕಿಳಿಯಿತು.

ತಿರುಗುಮುರುಗಾದ ಉದಾಹರಣೆಯೂ ಇದೆ. 2018ರ ಜನವರಿಯಲ್ಲಿ ಲಿವರ್‌ಪೂಲ್ ತನ್ನ ತಾರೆ ಫಿಲಿಪ್ ಕೌಟಿನ್ಯೊ ಅವರನ್ನು ಬಾರ್ಸಿಲೋನಾಕ್ಕೆ ಮಾರಿದಾಗ ಬೆಂಬಲಿಗರು ಸಿಡಿದೆದ್ದರು. ಅದೇ ಜನವರಿಯಲ್ಲಿ ವರ್ಜಿಲ್ ವಾನ್ ಡೈಕ್, ಬೇಸಿಗೆಯಲ್ಲಿ ಗೋಲ್‌ಕೀಪರ್ ಆಲಿಸನ್ ಬಂದರು. 2019ರ ಚಾಂಪಿಯನ್ಸ್ ಲೀಗ್ ಉಪಾಂತ್ಯದಲ್ಲಿ ಕೌಟಿನ್ಯೊ ಇದ್ದ ಬಾರ್ಸಿಲೋನಾವನ್ನೇ 4-0ರಿಂದ ಮಣಿಸಿ ಲಿವರ್‌ಪೂಲ್ ಪ್ರಶಸ್ತಿ ಎತ್ತಿತು. ಮಾರಿದ ಹಣದಲ್ಲಿ ಮತ್ತೇನನ್ನು ತಂದರು ಎಂಬುದರ ಮೇಲೆ ಊರಿನ ಮಾತು ಬದಲಾಗುತ್ತದೆ. ಹೋರಿ ಮಾರಿದ ಹಣ ಕೊಟ್ಟಿಗೆಗೆ ಮರಳುವುದು ಮಾತ್ರ ಕಡಿಮೆ. ಅದು ಸಾಲಕ್ಕೋ ಮದುವೆಗೋ ಹೋಗಿರುತ್ತದೆ.

ಕಾನೂನಿನ ನೆರಳು

ಹೋರಿಯ ಬೆಲೆ ಹಬ್ಬದ ಭವಿಷ್ಯಕ್ಕೂ ಅಂಟಿಕೊಂಡಿದೆ. ಸುಪ್ರೀಂ ಕೋರ್ಟ್ 2014ರ ಮೇ 7ರಂದು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳನ್ನು ನಿಷೇಧಿಸಿದಾಗ ಇಲ್ಲಿನ ಹಬ್ಬಕ್ಕೂ ಆತಂಕ ತಟ್ಟಿತು. ಕರ್ನಾಟಕ 2017ರಲ್ಲಿ ತಂದ ತಿದ್ದುಪಡಿ ಕಂಬಳ, ಹೋರಿ ಓಟ ಮತ್ತು ಎತ್ತಿನಗಾಡಿ ಓಟಗಳಿಗೆ ಷರತ್ತಿನ ರಕ್ಷಣೆ ನೀಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ ಮತ್ತು ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ನಿಷೇಧದ ಭಯ ಇಳಿದಂತೆ ಹೋರಿಗೆ ಹಣ ಹೂಡುವ ಧೈರ್ಯ ಹೆಚ್ಚುವುದು ಸಹಜ.

ಅಪಾಯ ಮಾತ್ರ ಇಳಿದಿಲ್ಲ. 2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯ ಬೇರೆ ಬೇರೆ ಕಡೆ ಹೋರಿ ತಿವಿದು ಜನ ಸತ್ತರು. ಅಖಾಡದಲ್ಲಿ ಇಲ್ಲದೆ ದಾರಿಯಲ್ಲಿದ್ದವರೂ ಬಲಿಯಾದರು. ಕೈಬದಲಾದ ಹೋರಿಯ ವಿಷಯದಲ್ಲಿ ಇದು ಹೆಚ್ಚು ಯೋಚಿಸಬೇಕಾದ ಸಂಗತಿ. ಪರಿಚಿತ ಕೈಗೆ ಪಳಗಿದ ಪ್ರಾಣಿಯನ್ನು ವಾರದೊಳಗೆ ಅಪರಿಚಿತರು ಜನಜಂಗುಳಿಯ ನಡುವೆ ಹಿಡಿದು ನಡೆಸುತ್ತಾರೆ.

ಮಾರಾಟದ ಮಾತುಕತೆಯಲ್ಲಿ ಬಳಗದವರು ಕೇಳಬಹುದಾದದ್ದು ಇಷ್ಟೇ: ಹಂಗಾಮು ಮುಗಿಯುವವರೆಗೆ ಕೊಡಬೇಡಿ, ಕೊಡುವುದಾದರೆ ಅದೇ ದರಕ್ಕೆ ಊರಿನವರಿಗೆ ಮೊದಲು ಕೇಳಿ, ಬಿರುದನ್ನು ಅವರಿಗೆ ಬಿಟ್ಟುಕೊಡಬೇಡಿ. ಇವೆಲ್ಲ ಬಾಯಿಮಾತಿನ ಕರಾರುಗಳು. ಸಂಚಕಾರದ ಹಣ ಕೈಸೇರಿದ ಮೇಲೆ ನಿಲ್ಲುವುದು ಮಾಲೀಕನ ಮನಸ್ಸಿದ್ದರೆ ಮಾತ್ರ. ಹೋರಿ ಹೋದ ಬಳಿಕ ಬಳಗದಲ್ಲಿ ಉಳಿಯುವುದು ಬಾವುಟ, ಹಳೆಯ ಜೂಲ, ಚಿತ್ರ ಅಚ್ಚಾದ ಅಂಗಿ. ಒಂದೆರಡು ವಾರ ಜಗಳವಾಡಿ, ಪಟ್ಟಿಯ ಹಣದಲ್ಲಿ ಉಳಿದದ್ದನ್ನು ಎಣಿಸಿ, ಅದೇ ಹುಡುಗರು ಗುರುವಾರ ಬೆಳಿಗ್ಗೆ ಹಾವೇರಿಯ ಸಂತೆಗೆ ಹೊರಡುತ್ತಾರೆ, ಎರಡು ಹಲ್ಲಿನ ಕರು ನೋಡಲು.