ಮಧ್ಯಂತರ ಉಪವಾಸ ಮತ್ತು ಕ್ಯಾಲೊರಿ ಲೆಕ್ಕ

ದಿನದ ಕೆಲವು ಗಂಟೆ ಅಥವಾ ವಾರದ ಕೆಲವು ದಿನ ಊಟ ಬಿಟ್ಟು ಇಲ್ಲವೇ ತೀರ ಕಡಿಮೆ ಮಾಡಿ, ಉಳಿದ ಹೊತ್ತಿನಲ್ಲಿ ಎಂದಿನಂತೆ ಉಣ್ಣುವ ಆಹಾರಕ್ರಮವೇ ಮಧ್ಯಂತರ ಉಪವಾಸ. ಏಕಾದಶಿ, ರಂಜಾನ್‌ಗಳಲ್ಲಿ ಹೊತ್ತು ನೋಡಿ ಉಣ್ಣುವುದು ಬಹುಕಾಲದಿಂದ ಇದೆ; ಆದರೆ ಅವು ಮೈ ಇಳಿಸಲು ಹುಟ್ಟಿದ ವ್ರತಗಳಲ್ಲ. ತೂಕಕ್ಕಾಗಿ ಮಾಡುವ ಇಂದಿನ ಉಪವಾಸದ ಬೇರು ಕ್ಯಾಲೊರಿ ಲೆಕ್ಕದಲ್ಲಿದೆ.

ಕ್ಯಾಲೊರಿ ಮೊದಲಿಗೆ ಕೇವಲ ಉಷ್ಣದ ಅಳತೆ. ಅದನ್ನು ಊಟಕ್ಕೆ ಅನ್ವಯಿಸಿ ಅಮೆರಿಕದಲ್ಲಿ ಬಳಕೆಗೆ ತಂದವನು ವಿಲ್ಬರ್ ಆಟ್‌ವಾಟರ್. 1890ರ ದಶಕದಲ್ಲಿ ಈತ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಜನರನ್ನು ದಿನಗಟ್ಟಲೆ ಮುಚ್ಚಿದ ಕೋಣೆಯಲ್ಲಿರಿಸಿ, ಅವರು ಉಂಡದ್ದನ್ನೂ ಮೈಯಿಂದ ಹೊರಬಿದ್ದ ಶಾಖವನ್ನೂ ಅಳೆದ. ಒಂದು ಗ್ರಾಂ ಪ್ರೋಟೀನ್ ಅಥವಾ ಪಿಷ್ಟಕ್ಕೆ 4, ಕೊಬ್ಬಿಗೆ 9 ಕಿಲೊಕ್ಯಾಲೊರಿ ಎಂಬ ಲೆಕ್ಕ ಈತನಿಂದಲೇ ಬಂದದ್ದು. 1918ರಲ್ಲಿ ಲಾಸ್ ಏಂಜಲೀಸ್‌ನ ವೈದ್ಯೆ ಲುಲು ಹಂಟ್ ಪೀಟರ್ಸ್ ಈ ಲೆಕ್ಕವನ್ನು ಮನೆಮನೆಗೆ ಒಯ್ದಳು. ತೂಕ ಇಳಿಸಬೇಕಾದವರಿಗೆ ಈಕೆ ಹೇಳಿದ್ದು ದಿನಕ್ಕೆ 1200.

ಆ ಅಂಕಿ ಎಷ್ಟು ಕಠಿಣವೆಂಬುದಕ್ಕೆ ಮಿನೆಸೋಟದ ಪ್ರಯೋಗವೇ ಸಾಕ್ಷಿ. 1945ರಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಸ್ವಯಂಸೇವಕರಿಗೆ 24 ವಾರ ದಿನಕ್ಕೆ ಸುಮಾರು 1570 ಕಿಲೊಕ್ಯಾಲೊರಿ ಕೊಟ್ಟು, ನಡೆದಾಟವನ್ನೂ ಕಡ್ಡಾಯ ಮಾಡಿದ. ತೂಕ ಕಾಲುಭಾಗದಷ್ಟು ಇಳಿಯಿತು. ಜೊತೆಗೆ ದೇಹವೂ ಶಕ್ತಿಯ ಖರ್ಚನ್ನು ತಗ್ಗಿಸಿತು, ಮನಸ್ಸು ಕುಗ್ಗಿತು, ಊಟದ ಹೊರತು ಬೇರೆ ಯೋಚನೆಯೇ ಬಾರದಾಯಿತು. ತೂಕ ಇಳಿಸಲಾರದವರನ್ನು ಛಲವಿಲ್ಲದವರೆಂದು ದೂರುವುದು ಎಷ್ಟು ಅನ್ಯಾಯವೆಂದು ಇದರಿಂದ ತಿಳಿಯುತ್ತದೆ.

1960ರ ದಶಕದಲ್ಲಿ ಕೆಲವು ಆಸ್ಪತ್ರೆಗಳು ಪೂರ್ಣ ಉಪವಾಸವನ್ನೇ ಚಿಕಿತ್ಸೆಯಾಗಿ ಬಳಸಿದವು. ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೇರಿ ಡಂಡೀಯ ವೈದ್ಯರ ನಿಗಾದಲ್ಲಿ 382 ದಿನ ಉಪವಾಸವಿದ್ದು 207 ಕಿಲೊದಿಂದ 82ಕ್ಕೆ ಇಳಿದ. ಆದರೆ ಇಂಥ ಚಿಕಿತ್ಸೆಯಲ್ಲಿ ಸಾವುಗಳೂ ಸಂಭವಿಸಿದ್ದರಿಂದ ಪದ್ಧತಿ ಹಿಂದೆ ಸರಿಯಿತು.

ಬಿಡುವುಕೊಟ್ಟು ಮಾಡುವ ಉಪವಾಸ ಜನಪ್ರಿಯವಾದದ್ದು 2012ರಲ್ಲಿ, ಮೈಕೆಲ್ ಮೋಸ್ಲಿಯ ಬಿಬಿಸಿ ಸಾಕ್ಷ್ಯಚಿತ್ರದ ನಂತರ. ವಾರಕ್ಕೆ ಎರಡು ದಿನ ಹೆಂಗಸರಿಗೆ 500, ಗಂಡಸರಿಗೆ 600 ಕಿಲೊಕ್ಯಾಲೊರಿ, ಉಳಿದ ಐದು ದಿನ ಎಂದಿನ ಊಟ ಎಂಬುದು ಅದರ ಕ್ರಮ. ಎಂಟು ಗಂಟೆಯೊಳಗೆ ಊಟ ಮುಗಿಸಿ ಹದಿನಾರು ಗಂಟೆ ಖಾಲಿ ಹೊಟ್ಟೆಯಲ್ಲಿರುವ ಕ್ರಮವೂ ಹಬ್ಬಿತು. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳಿಗೆ ಸಕ್ಕರೆ ಅಂಶ ಅಪಾಯಕರವಾಗಿ ಕುಸಿಯಬಹುದಾದ್ದರಿಂದ ವೈದ್ಯರನ್ನು ಕೇಳದೆ ಇವನ್ನು ಕೈಗೊಳ್ಳಬಾರದು.

ಗಡಿಯಾರಕ್ಕೆ ಪ್ರತ್ಯೇಕ ಶಕ್ತಿಯಿದೆಯೇ ಎಂಬುದನ್ನು ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ಪರೀಕ್ಷಿಸಲಾಯಿತು. ಎರಡೂ ಗುಂಪಿಗೆ ಕ್ಯಾಲೊರಿ ಮಿತಿ ಒಂದೇ. ಒಂದು ಗುಂಪು ಮಾತ್ರ ಬೆಳಗ್ಗೆ 8ರಿಂದ ಸಂಜೆ 4ರೊಳಗೆ ಉಣ್ಣಬೇಕು. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಗುಂಪಿನ ತೂಕ ಸರಾಸರಿ 8 ಕಿಲೊ, ಇನ್ನೊಂದರದು 6.3 ಕಿಲೊ ಇಳಿದಿತ್ತು. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಇದು ಗಣನೀಯ ವ್ಯತ್ಯಾಸವಲ್ಲ. ಎಣಿಸುವುದಕ್ಕಿಂತ ಹೊತ್ತು ನೋಡುವುದೇ ಸುಲಭವೆನ್ನುವವರಿಗೆ ಉಪವಾಸ ಒಗ್ಗುತ್ತದೆ. ಆದರೆ ಎಲ್ಲರಿಗೂ ಅಲ್ಲ. ದಿನ ಬಿಟ್ಟು ದಿನ ಉಪವಾಸದ ಮೇಲೆ ಷಿಕಾಗೋದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉಪವಾಸದ ಗುಂಪಿನ ಶೇ. 38ರಷ್ಟು ಮಂದಿ ನಡುವೆಯೇ ಬಿಟ್ಟರು; ದಿನವೂ ಕ್ಯಾಲೊರಿ ತಗ್ಗಿಸಿದವರಲ್ಲಿ ಬಿಟ್ಟವರು ಶೇ. 29.