ಬೂದಿಯಿಂದೆದ್ದ ಮಾತೆಯ ಆಲಯ



ಡಿಸೆಂಬರ್ 8 ಅಮಲೋದ್ಭವ ಮಾತೆಯ ದಿನ. 2024ರಲ್ಲಿ ಅದು ಆಗಮನ ಕಾಲದ ಎರಡನೆಯ ಭಾನುವಾರವೂ ಆಗಿತ್ತು. ಅಂದು ಪ್ಯಾರಿಸ್ ನಗರದ ನೋತ್ರ್ ದಾಮ್ ಪ್ರಧಾನಾಲಯದಲ್ಲಿ ಹೊಸ ಬಲಿಪೀಠವನ್ನು ಪವಿತ್ರೀಕರಿಸಿ ಬಲಿಪೂಜೆ ಅರ್ಪಿಸಲಾಯಿತು. ‘ನೋತ್ರ್ ದಾಮ್’ ಎಂದರೆ ‘ನಮ್ಮ ಮಾತೆ’.

ಈ ಆಲಯದ ಕೆಲಸ 1163ರಲ್ಲಿ ಧರ್ಮಾಧ್ಯಕ್ಷ ಮೊರೀಸ್ ದ ಸುಲ್ಲಿಯವರ ಕಾಲದಲ್ಲಿ ಆರಂಭವಾಯಿತು. ಬಹುಪಾಲು ಮುಗಿದದ್ದು 1345ರ ಹೊತ್ತಿಗೆ. 1793ರಲ್ಲಿ ಫ್ರೆಂಚ್ ಕ್ರಾಂತಿಕಾರರು ಇದನ್ನು ‘ವಿವೇಕದ ಮಂದಿರ’ವಾಗಿಸಿದರು. ಪಾಳುಬಿದ್ದಿದ್ದ ಆಲಯವನ್ನು 1845ರಿಂದ ಸುಮಾರು ಇಪ್ಪತ್ತು ವರ್ಷ ದುಡಿದು ವಾಸ್ತುಶಿಲ್ಪಿ ವಿಯೊಲೆ-ಲೆ-ದುಕ್ ಜೀರ್ಣೋದ್ಧಾರ ಮಾಡಿದರು; 96 ಮೀಟರ್ ಎತ್ತರದ ಶಿಖರವೂ ಅವರದೇ. 1905ರ ಕಾನೂನಿನ ಪ್ರಕಾರ ಕಟ್ಟಡ ಸರ್ಕಾರದ ಸ್ವತ್ತು, ಆರಾಧನೆಯ ಬಳಕೆ ಧರ್ಮಸಭೆಯದು.

2019ರ ಏಪ್ರಿಲ್ 15, ಪವಿತ್ರ ವಾರದ ಸೋಮವಾರ. ಸಂಜೆಯ ಪೂಜೆಯ ವೇಳೆಗೆ ಬೆಂಕಿಯ ಎಚ್ಚರಿಕೆ ಗಂಟೆ ಬಾರಿಸಿತು. ಕಾವಲುಗಾರನು ನೋಡಿದ್ದು ಬೇರೆ ಅಟ್ಟವನ್ನು. ಸರಿಯಾದ ಅಟ್ಟ ತಲುಪುವಷ್ಟರಲ್ಲಿ ಸುಮಾರು ಅರ್ಧ ಗಂಟೆ ಕಳೆದಿತ್ತು. ನೂರಾರು ವರ್ಷದ ಓಕ್ ತೊಲೆಗಳು ಹೊತ್ತಿ ಉರಿಯುತ್ತಿದ್ದವು. ಶಿಖರ ಕುಸಿಯಿತು. ಆದರೂ ಮುಳ್ಳಿನ ಕಿರೀಟವನ್ನೂ ಪರಮಪ್ರಸಾದವನ್ನೂ ಹೊರಗೆ ತಂದು ಉಳಿಸಿದರು.

ಸುಮಾರು 150 ದೇಶಗಳ 3,40,000 ಮಂದಿ ಕಾಣಿಕೆ ಕೊಟ್ಟರು. ಗಾಜಿನ ಶಿಖರ ಕಟ್ಟೋಣವೆಂದವರೂ ಇದ್ದರು. ಕೊನೆಗೆ 2020ರಲ್ಲಿ ಮೊದಲಿದ್ದಂತೆಯೇ ಕಟ್ಟಲು ನಿರ್ಧಾರವಾಯಿತು. ಸುಮಾರು 2,000 ಓಕ್ ಮರಗಳನ್ನು ಕಡಿದು ತಂದರು. ಮಾಡಿನ ತೊಲೆಗಳನ್ನು ಬಡಗಿಗಳು ಹಳೆಯ ಕ್ರಮದಲ್ಲಿ ಕೊಡಲಿಯಿಂದಲೇ ಕೆತ್ತಿದರು. ಆದರೆ ಒಂದನ್ನು ಮಾತ್ರ ಹಳೆಯದರಂತೆ ಬಿಡಲಿಲ್ಲ. ಅಟ್ಟದಲ್ಲಿ ಬೆಂಕಿ ಹರಡದಂತೆ ತಡೆಗೋಡೆಗಳನ್ನು ಕಟ್ಟಿ, ಮಂಜಿನಂತೆ ನೀರು ಸಿಂಪಡಿಸುವ ಕೊಳವೆಗಳನ್ನು ಅಳವಡಿಸಿದರು.

ಪ್ರಿಯರೇ, ಜೀರ್ಣೋದ್ಧಾರದ ಗುಟ್ಟು ಇಲ್ಲಿದೆ. ಮುರಿದದ್ದನ್ನು ಮೊದಲಿನಂತೆ ಕಟ್ಟಿದರೆ ಸಾಲದು, ಮತ್ತೆ ಉರಿಯದಂತೆ ಕಾಯಬೇಕು. ಪಾಪನಿವೇದನೆಯಲ್ಲಿ ನಾವು ಕ್ಷಮೆ ಪಡೆಯುತ್ತೇವೆ. ಕಳೆದುಹೋದ ಚೆಲುವನ್ನು ದೇವರು ಮರಳಿ ಕೊಡುತ್ತಾರೆ. ಆದರೆ ಅದೇ ಪಾಪದ ಸಂದರ್ಭವನ್ನು ಬಿಟ್ಟುಬಿಡುವ ದೃಢಸಂಕಲ್ಪ ನಮ್ಮದಾಗಬೇಕು. ಮನಸ್ಸಾಕ್ಷಿಯ ಗಂಟೆ ಬಾರಿಸಿದಾಗ ನಾವು ಯಾವ ಅಟ್ಟಕ್ಕೆ ಓಡುತ್ತೇವೆ? ತಪ್ಪು ನೆರೆಯವರಲ್ಲಿದೆ, ಸೊಸೆಯಲ್ಲಿದೆ, ಗುರುಗಳಲ್ಲಿದೆ ಎಂದು ಹುಡುಕುತ್ತಿರುವಾಗ ನಮ್ಮ ಮನೆಯ ಮಾಡೇ ಉರಿಯುತ್ತಿರುತ್ತದೆ.

2024ರ ಡಿಸೆಂಬರ್ 7ರಂದು ಪ್ಯಾರಿಸ್ಸಿನ ಮಹಾಧರ್ಮಾಧ್ಯಕ್ಷರು ಮುಚ್ಚಿದ ಬಾಗಿಲನ್ನು ತಮ್ಮ ದಂಡದಿಂದ ತಟ್ಟಿದರು. ಆ ದಂಡವನ್ನು ಮಾಡಿದ್ದು ಬೆಂಕಿಯಲ್ಲಿ ಉಳಿದ ತೊಲೆಯ ಮರದಿಂದ. ನಮ್ಮಲ್ಲಿ ಸುಟ್ಟು ಉಳಿದದ್ದನ್ನೂ ಪ್ರಭು ಬಿಸಾಡುವುದಿಲ್ಲ. ಅದರಿಂದಲೇ ಬಾಗಿಲು ತಟ್ಟುತ್ತಾರೆ. ಪಾಪದ ಕಿಡಿ ಸೋಕದ ಅಮಲೋದ್ಭವ ಮಾತೆ, ಈ ಆಗಮನ ಕಾಲದಲ್ಲಿ ನಾವು ಆ ಬಾಗಿಲು ತೆರೆಯುವಂತೆ ನಮಗಾಗಿ ಪ್ರಾರ್ಥಿಸಲಿ.