ತೊಗಲು ಮತ್ತು ತೇಪೆ: ಸೊರಬ ಸೀಮೆಯ ಚರ್ಮದುರಸ್ತಿಯ ಚಾರಿತ್ರಿಕ ಅವಲೋಕನ

ಕರ್ನಾಟಕದ ಕರಕುಶಲ ಪರಂಪರೆಯನ್ನು ಕುರಿತ ಅಧ್ಯಯನಗಳು ವಸ್ತುವಿನ ತಯಾರಿಕೆಗೆ ಕೊಟ್ಟಷ್ಟು ಗಮನವನ್ನು ಅದರ ದುರಸ್ತಿಗೆ ಕೊಟ್ಟಿಲ್ಲ. ಮಡಕೆ ಒಡೆದರೆ ಅದರ ಆಯುಷ್ಯ ಮುಗಿಯಿತು. ತೊಗಲಿನ ವಸ್ತುವಿನ ಸ್ಥಿತಿ ಹಾಗಲ್ಲ. ಅದು ಒಣಗುತ್ತದೆ, ಬೂಸ್ಟು ಹಿಡಿಯುತ್ತದೆ, ಹೊಲಿಗೆ ಬಿಡುತ್ತದೆ. ಎಣ್ಣೆ, ತೇಪೆ, ಹೊಸ ಹೊಲಿಗೆಗಳಿಂದ ಮತ್ತೆ ಬಳಕೆಗೆ ಬರುತ್ತದೆ. ತಯಾರಿಕೆ ಒಮ್ಮೆ ನಡೆಯುವ ಕ್ರಿಯೆಯಾದರೆ ದುರಸ್ತಿ ನಿರಂತರ ಕ್ರಿಯೆ. ಆದ್ದರಿಂದ ಒಂದು ಸಮಾಜವು ತನ್ನ ವಸ್ತುಗಳೊಂದಿಗೂ ಅವುಗಳನ್ನು ಕಾಪಾಡಿದ ಜನರೊಂದಿಗೂ ಇಟ್ಟುಕೊಂಡಿದ್ದ ಸಂಬಂಧವನ್ನು ದುರಸ್ತಿಯ ಚರಿತ್ರೆಯಲ್ಲಿ ಹೆಚ್ಚು ಸ್ಪಷ್ಟವಾಗಿ ಗುರುತಿಸಬಹುದು.

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದಾದ ಕುಪ್ಪಗಡ್ಡೆಯ ಸುತ್ತಲಿನ ಪ್ರದೇಶ ಇಂಥ ಅವಲೋಕನಕ್ಕೆ ತಕ್ಕ ನೆಲೆಯಾಗಿದೆ. ಮಲೆನಾಡು ಬಯಲಿಗೆ ಇಳಿಯುವ ಅಂಚಿನಲ್ಲಿರುವ ಈ ಸೀಮೆ ಕೆರೆಗಳ, ಭತ್ತದ ಗದ್ದೆಗಳ ನಾಡು. ಮಳೆಗಾಲದ ದೀರ್ಘ ತೇವ ತೊಗಲಿಗೆ ದೊಡ್ಡ ಶತ್ರು. ತೊಗಲಿನ ಉಡುಪು ಇಲ್ಲಿ ರೂಢಿಗೆ ಬರದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಮಳೆಯಿಂದ ಮೈಯನ್ನು ಕಾಪಾಡಿದ್ದು ಕಂಬಳಿ ಮತ್ತು ಗೊರಬೆ. ತೊಗಲಿಗೆ ಸ್ಥಾನ ದೊರೆತದ್ದು ಕಾಲಿನ ಮೆಟ್ಟು, ನೊಗ ಕಟ್ಟುವ ಮಿಣಿ, ಬಾರುಕೋಲು ಮತ್ತು ಚರ್ಮವಾದ್ಯಗಳಲ್ಲಿ.

ಈ ವಸ್ತುಗಳ ದುರಸ್ತಿಯನ್ನು ಅರಿಯಬೇಕಾದರೆ ಹಸಿ ತೊಗಲು ಮತ್ತು ಹದ ಮಾಡಿದ ತೊಗಲುಗಳ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ವಾದ್ಯಕ್ಕೆ ಬಳಸುವುದು ಹಸಿ ತೊಗಲು. ಕೂದಲು, ಕೊಬ್ಬುಗಳನ್ನು ತೆಗೆದು ಎಳೆದು ಒಣಗಿಸುತ್ತಾರೆಯೇ ಹೊರತು ಅದಕ್ಕೆ ತೊಗಟೆಯ ರಸ ಕುಡಿಸುವುದಿಲ್ಲ. ಮೆಟ್ಟಿನ ತೊಗಲಿನ ಕ್ರಮ ಬೇರೆ. ಅದನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಸುಣ್ಣದ ಅಂಶ ಹೋಗುವಂತೆ ತೊಳೆದು, ಬಳಿಕ ಒಗರಿನ ರಸದಲ್ಲಿ ದಿನಗಟ್ಟಲೆ ನೆನೆಹಾಕಬೇಕು. ದಕ್ಷಿಣ ಭಾರತದಲ್ಲಿ ಈ ಒಗರಿಗೆ ತಂಗಡಿಯ ತೊಗಟೆ, ಜಾಲಿಯ ತೊಗಟೆ ಮತ್ತು ಅಳಲೆಕಾಯಿ ಮುಖ್ಯ ಮೂಲಗಳಾಗಿದ್ದವು. ಒಗರು ತೊಗಲಿನ ನಾರುಗಳನ್ನು ಹಿಡಿದುಕೊಳ್ಳುವುದರಿಂದ ಅದು ಕೊಳೆಯದೆ ಬಾಗುವ ಗುಣ ಪಡೆಯುತ್ತದೆ. ಹಸಿ ತೊಗಲಿಗೆ ಈ ರಕ್ಷಣೆ ಇಲ್ಲ. ಅದು ನೀರು ತಾಗಿದರೆ ಮೆತ್ತಗಾಗಿ, ಒಣಗಿದರೆ ಬಿಗಿಯಾಗುತ್ತದೆ. ಚರ್ಮವಾದ್ಯದ ದುರಸ್ತಿ ನಿಂತಿರುವುದೇ ಈ ಗುಣದ ಮೇಲೆ.

ಮೆಟ್ಟಿನ ದುರಸ್ತಿಗೆ ಬೇಕಾದ ಉಪಕರಣಗಳು ಕೆಲವೇ: ಕತ್ತರಿಸಲು ರಂಪಿಗೆ, ತೂತು ಹಾಕಲು ಉಳಿ, ಕೆಳಗಿಟ್ಟುಕೊಳ್ಳಲು ಮರದ ಅಡಿಗುಂಟ, ಹೊಲಿಯಲು ತೊಗಲಿನ ದಾರ. ಇವುಗಳ ಪ್ರಾಚೀನತೆಗೆ ಗಟ್ಟಿಯಾದ ಆಧಾರವು ವಚನ ಸಾಹಿತ್ಯದಲ್ಲಿದೆ. ಮಾದಾರ ಚೆನ್ನಯ್ಯನ ಅಂಕಿತದಲ್ಲಿಯೇ ಕೈಯುಳಿ, ಕತ್ತಿ, ಅಡಿಗುಂಟಗಳು ಸೇರಿಕೊಂಡಿವೆ. ಕಸುಬಿನ ಸಲಕರಣೆಗಳು ಹೀಗೆ ಅಂಕಿತದೊಳಗೆ ಬಂದಿರುವುದು ಶ್ರಮಕ್ಕೆ ದೊರೆತ ಅಪೂರ್ವ ಗೌರವ. ಮಾದಾರ ಧೂಳಯ್ಯ, ಸಮಗಾರ ಹರಳಯ್ಯರ ಹೆಸರುಗಳೂ ಇದೇ ಪರಂಪರೆಗೆ ಸೇರುತ್ತವೆ.

ಬಿಟ್ಟ ಹೊಲಿಗೆಯನ್ನು ಹಾಕುವಾಗ ಹಳೆಯ ತೂತುಗಳನ್ನೇ ಬಳಸುವುದು ಕಸುಬಿನ ಮುಖ್ಯ ನಿಯಮ. ಪಕ್ಕದಲ್ಲಿ ಹೊಸ ತೂತುಗಳನ್ನು ಹಾಕಿದರೆ ತೊಗಲು ಆ ಸಾಲಿನಲ್ಲೇ ಹರಿಯುತ್ತದೆ. ತೇಪೆಯ ದಪ್ಪ ಹಳೆಯ ತೊಗಲಿನ ದಪ್ಪಕ್ಕೆ ಹೊಂದಬೇಕು; ಅಂಚನ್ನು ಹೆರೆದು ತೆಳುಗೊಳಿಸಬೇಕು. ಗಡುಸಾದ ಮೆಟ್ಟಿಗೆ ಹರಳೆಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಒದ್ದೆ ತೊಗಲನ್ನು ಒಲೆಯ ಬಳಿ ಇಡದೆ ನೆರಳಿನಲ್ಲಿ ಒಣಗಿಸಬೇಕು. ಕಾವು ತಗುಲಿದರೆ ಅದು ಸುರುಟಿ ಮತ್ತೆ ಮೊದಲಿನಂತಾಗುವುದಿಲ್ಲ. ಬರೆದಿಡದ ಈ ನಿಯಮಗಳು ಮನೆಯ ಅಂಗಳದಲ್ಲಿ ನೋಡಿ ಕಲಿತು ಮುಂದುವರಿದವು. ಈ ಕಸುಬನ್ನು ಗಂಡಸರದೆಂದು ಭಾವಿಸುವುದೂ ಸರಿಯಲ್ಲ. ಅಥಣಿ, ನಿಪ್ಪಾಣಿ ಭಾಗದ ಚಪ್ಪಲಿ ಕುಟುಂಬಗಳಲ್ಲಿ ಹೆಣಿಗೆ, ಹೊಲಿಗೆಗಳ ಬಹುಭಾಗ ಹೆಂಗಸರ ಕೈಯಲ್ಲಿದೆ.

ಸೊರಬ, ಶಿಕಾರಿಪುರ, ಸಾಗರ ಸೀಮೆಯಲ್ಲಿ ತೊಗಲಿನ ದುರಸ್ತಿಯ ಸಂಭ್ರಮದ ರೂಪವನ್ನು ಡೊಳ್ಳಿನಲ್ಲಿ ಕಾಣಬಹುದು. ಬೀರೇಶ್ವರನ ಆರಾಧನೆಯೊಂದಿಗೆ ಬೆಸೆದುಕೊಂಡಿರುವ ಡೊಳ್ಳು ಹಾಲುಮತದವರ ವಾದ್ಯ. ಶಿವನು ಡೊಳ್ಳಾಸುರನನ್ನು ಕೊಂದು ಅವನ ಚರ್ಮದಿಂದ ಡೊಳ್ಳನ್ನು ಮಾಡಿದನೆಂಬ ಐತಿಹ್ಯ ಪ್ರಚಲಿತವಾಗಿದೆ. ಸತ್ತ ಮೈಯ ತೊಗಲು ನಾದವಾಗಿ ಮರುಹುಟ್ಟು ಪಡೆಯುತ್ತದೆ ಎಂಬುದು ಈ ಕಥೆಯ ಆಶಯ. ಮಳೆಗಾಲದ ತೇವಕ್ಕೆ ಡೊಳ್ಳಿನ ಮುಖ ಸಡಿಲಗೊಳ್ಳುತ್ತದೆ. ಆಗ ಹಗ್ಗವನ್ನು ಬಿಗಿದು, ಬಿಸಿಲಿಗೋ ದೂರದ ಬೆಂಕಿಯ ಕಾವಿಗೋ ಹಿಡಿದು ಶ್ರುತಿಗೆ ತರುತ್ತಾರೆ. ಹರಿದರೆ ತೇಪೆಯಿಂದ ಪ್ರಯೋಜನವಿಲ್ಲ, ಮುಖವನ್ನೇ ಬದಲಿಸಬೇಕು. ಮೇಕೆಯ ತೊಗಲನ್ನು ನೆನೆಸಿ, ಬಳೆಗೆ ಸುತ್ತಿ, ಎರಡೂ ಮುಖಗಳನ್ನು ಹಗ್ಗದಿಂದ ಎಳೆದು ಕಟ್ಟಿ ಒಣಗಲು ಬಿಡುತ್ತಾರೆ. ಹೀಗೆ ಮರದ ಮೈ ಅದೇ ಉಳಿದು ಮುಖ ಮಾತ್ರ ಹೊಸದಾಗುತ್ತ ಹೋಗುತ್ತದೆ.

ಇಲ್ಲಿ ಒಂದು ವೈರುಧ್ಯವನ್ನು ಗುರುತಿಸಬೇಕು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯೊಂದಿಗೆ ಹೆಸರು ಬೆಸೆದುಕೊಂಡಿರುವ ಅಲ್ಲಮಪ್ರಭುವನ್ನು ಹರಿಹರನ ರಗಳೆಯೂ ಚಾಮರಸನ ಪ್ರಭುಲಿಂಗಲೀಲೆಯೂ ಮದ್ದಳೆಗಾರನಾಗಿ ಚಿತ್ರಿಸಿವೆ. ಮದ್ದಳೆ ನುಡಿಸಿದವನ ನೆನಪು ಕಾವ್ಯದಲ್ಲಿ ಉಳಿಯಿತು. ಅಂಥ ಮದ್ದಳೆಗಳಿಗೆ ಮುಚ್ಚಿಗೆ ಹಾಕಿದವರ ಹೆಸರುಗಳು ಉಳಿಯಲಿಲ್ಲ. ನಾದವನ್ನು ಪವಿತ್ರವೆಂದ ಸಮಾಜವೇ ತೊಗಲು ಮುಟ್ಟಿದ ಕೈಯನ್ನು ಅಸ್ಪೃಶ್ಯವೆಂದಿತು. ಆಯಗಾರ ಪದ್ಧತಿಯಲ್ಲಿ ಮಾದಿಗರು ವರ್ಷವಿಡೀ ಮೆಟ್ಟು, ಮಿಣಿಗಳನ್ನು ದುರಸ್ತಿಮಾಡಿಕೊಟ್ಟು ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದರು. ಸತ್ತ ದನವನ್ನು ಸಾಗಿಸುವುದು, ಹಲಗೆ ಬಡಿಯುವುದು ಅವರಿಗೆ ಆಯ್ಕೆಯಾಗಿರಲಿಲ್ಲ, ಕಟ್ಟಳೆಯಾಗಿತ್ತು.

ಈ ಕಟ್ಟಳೆಯ ವಿರುದ್ಧದ ದನಿಯೂ ಇದೇ ಜಿಲ್ಲೆಯಿಂದ ಗಟ್ಟಿಯಾಗಿ ಕೇಳಿಬಂದಿತು. 1970ರ ದಶಕದಲ್ಲಿ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿ ರಾಜ್ಯವ್ಯಾಪಿ ಚಳವಳಿಯಾಯಿತು. ಅವಮಾನದ ಗುರುತಾಗಿದ್ದ ಕಸುಬನ್ನು ಬಿಡುವುದು ಆ ಕಾಲದ ಅನೇಕರಿಗೆ ಸ್ವಾಭಿಮಾನದ ನಿರ್ಧಾರವಾಗಿತ್ತು. ಆದ್ದರಿಂದ ತೊಗಲಿನ ಜ್ಞಾನದ ಕಣ್ಮರೆಯನ್ನು ಕೇವಲ ಸಾಂಸ್ಕೃತಿಕ ನಷ್ಟವೆಂದು ಹಳಹಳಿಸುವುದು ಏಕಪಕ್ಷೀಯವಾಗುತ್ತದೆ. ಅದರಲ್ಲಿ ಬಿಡುಗಡೆಯ ಚರಿತ್ರೆಯೂ ಅಡಗಿದೆ.

ಇನ್ನೊಂದು ಕಾರಣ ತಾಂತ್ರಿಕವಾದುದು. 1903ರ ಸುಮಾರಿಗೆ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಕ್ರೋಮ್ ಲವಣದ ಹದವನ್ನು ಪ್ರಯೋಗಕ್ಕೆ ತಂದರು. ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲು ಬಾನಿಗಳು ಬೇಗ ಕೊಳೆಯದಂತೆ ಮಾಡುವುದು ಆ ಪ್ರಯತ್ನದ ಒಂದು ಉದ್ದೇಶವಾಗಿತ್ತು. ಮುಂದೆ ಅವರು ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು. ತೊಗಟೆಯಲ್ಲಿ ವಾರಗಳು ಹಿಡಿಯುತ್ತಿದ್ದ ಹದ ಕ್ರೋಮಿನಿಂದ ಅಲ್ಪಕಾಲದಲ್ಲಿ ಮುಗಿಯತೊಡಗಿತು. ಕೆಲಸ ಅಂಗಳದಿಂದ ಕಾರ್ಖಾನೆಗೆ ಸರಿಯಿತು. ಇಂದಿನ ತೊಗಲಿನ ಜಾಕೆಟ್ಟುಗಳು ಹೆಚ್ಚಾಗಿ ಈ ಬಗೆಯ ಮೆತ್ತನೆಯ ತೊಗಲಿನವು. ಆದರೂ ಹಳೆಯ ಜಾಕೆಟ್ಟನ್ನು ಮನೆಯಲ್ಲಿ ಸರಿಪಡಿಸುವವರು ಪಾಲಿಸಬೇಕಾದ ಕ್ರಮ ಮೆಟ್ಟು ಹೊಲಿಯುವವನದೇ: ಬೂಸ್ಟನ್ನು ಒಣಬಟ್ಟೆಯಿಂದ ಒರೆಸುವುದು, ನೆರಳಿನ ಗಾಳಿಗೆ ಆರಿಸುವುದು, ಹರಕಿಗೆ ಒಳಗಿನಿಂದ ತೆಳು ತೇಪೆ ಕೊಡುವುದು, ಹಳೆಯ ತೂತಿನಲ್ಲೇ ಹೊಲಿಯುವುದು, ಎಣ್ಣೆಯನ್ನು ಮಿತವಾಗಿ ಬಳಸುವುದು. ಅಂಗಳದಲ್ಲಿ ಅನಕ್ಷರಸ್ಥರದೆಂದು ಕಡೆಗಣಿಸಲ್ಪಟ್ಟ ತಿಳಿವಳಿಕೆಯೇ ನಗರದಲ್ಲಿ ಹವ್ಯಾಸಿಗಳ ಕೌಶಲವೆನಿಸಿಕೊಳ್ಳುತ್ತಿದೆ.

ಚರ್ಮೋದ್ಯಮದ ಬೆಂಬಲಕ್ಕಾಗಿ ರಾಜ್ಯವು 1976ರಲ್ಲಿ ಲಿಡ್ಕರ್ ನಿಗಮವನ್ನು ಸ್ಥಾಪಿಸಿತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಿಯ ಮನ್ನಣೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನೂ ಒಳಗೊಂಡಿದೆ. ಇವೆಲ್ಲ ತಯಾರಿಕೆಗೆ ಸಂದ ಮನ್ನಣೆಗಳು. ದುರಸ್ತಿಗೆ ಅಂಥ ಗುರುತು ಇನ್ನೂ ದೊರೆತಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಡೊಳ್ಳು, ಮೆಟ್ಟು, ಮಿಣಿಗಳ ಪಕ್ಕದ ಫಲಕದಲ್ಲಿ ಅವು ಯಾವ ತೊಗಲಿನವು, ಎಲ್ಲಿ ತೇಪೆ ಬಿದ್ದಿದೆ, ಯಾವ ಕಸುಬಿನವರು ಹೊಲಿದರು ಎಂಬುದು ದಾಖಲಾಗಬೇಕು. ತೇಪೆಯನ್ನು ದೋಷವೆಂದು ಮರೆಮಾಚದೆ ಚರಿತ್ರೆಯ ಸಾಕ್ಷ್ಯವೆಂದು ಓದಬೇಕು. ಕಸುಬಿನ ಕಟ್ಟಳೆ ಮರಳಬಾರದು. ಕಸುಬಿನ ಅರಿವು ಮಾತ್ರ ಅದನ್ನು ಕಾಪಾಡಿದವರ ಹೆಸರಿನೊಂದಿಗೆ ಉಳಿಯಬೇಕು.